‘ಈ ಸಲ ನೀವು ಜಾಸ್ತಿ ಹಾಕಿ’: ಒಪ್ಪಿದರೆ ಜೈಲೇ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನನ್ನದೊಂದು ಪೇಂಟಿಂಗ್ ಎಲ್‌ಎಲ್‌ಸಿ (ಮಾಲೀಕರ ಹೊಣೆ ಸೀಮಿತವಾಗಿರುವ ಕಂಪನಿ) ಇದೆ. ಸರ್ಕಾರಿ ಶಾಲೆಯೊಂದರ ಕಟ್ಟಡಕ್ಕೆ ಬಣ್ಣ ಹೊಡೆಯುವ ಟೆಂಡರ್ ಬಂದಿದೆ. ಪರಿಚಯದ ಗುತ್ತಿಗೆದಾರರೊಬ್ಬರು ‘ಈ ಸಲ ನನಗಿಂತ ಜಾಸ್ತಿ ರೇಟ್ ಹಾಕಿ, ಮುಂದಿನದು ನಿಮಗೆ’ ಎಂದು ಮೆಸೇಜ್ ಕಳಿಸಿದ್ದಾರೆ. ಒಪ್ಪಿದರೆ ದಂಡ ಕಟ್ಟಿದರೆ ಸಾಕೇ, ಜೈಲೂ ಇದೆಯೇ?

ಉತ್ತರ: ಜೈಲೂ ಇದೆ. ಊರಲ್ಲಿ ‘ಡಮ್ಮಿ ಟೆಂಡರ್’ ಅನ್ನುತ್ತಾರಲ್ಲ, ಅದೇ ಇದು. ಭಾರತದ ಸ್ಪರ್ಧಾ ಕಾಯ್ದೆಯಡಿ ಹೀಗೆ ರೇಟ್ ಹೊಂದಿಸಿಕೊಳ್ಳುವ ಕೂಟ ಕಟ್ಟಿದ್ದಕ್ಕೆ ದಂಡವಷ್ಟೇ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸ್ಪರ್ಧೆ ಕೆಡಿಸುವ ಒಳಒಪ್ಪಂದಗಳನ್ನು ತಡೆಯುವ ಕ್ಯಾಲಿಫೋರ್ನಿಯಾದ ಕಾರ್ಟ್‌ರೈಟ್ ಕಾಯ್ದೆಯಡಿ ಒಂದು ವರ್ಷದವರೆಗೆ ಕೌಂಟಿ (ಜಿಲ್ಲೆ) ಜೈಲು, ಇಲ್ಲವೇ 16 ತಿಂಗಳು, 2 ಅಥವಾ 3 ವರ್ಷ ಸೆರೆ. ವ್ಯಕ್ತಿಗೆ ದಂಡದ ಮಿತಿ ಮೊದಲು 2.5 ಲಕ್ಷ ಡಾಲರ್ ಇತ್ತು, 2026ರ ಜನವರಿ 1ರಿಂದ 10 ಲಕ್ಷ. ಕಂಪನಿಗೆ 10 ಲಕ್ಷ ಇದ್ದದ್ದು 60 ಲಕ್ಷ ಡಾಲರ್ ಆಗಿದೆ. ಗಳಿಸಿದ ಲಾಭದ ಅಥವಾ ಮಾಡಿದ ನಷ್ಟದ ಎರಡು ಪಟ್ಟು ಇದಕ್ಕಿಂತ ಹೆಚ್ಚಾದರೆ ಆ ಮೊತ್ತವನ್ನೇ ವಿಧಿಸಬಹುದು. ಜೈಲು, ದಂಡ ಎರಡೂ ಒಟ್ಟಿಗೆ ಬೀಳಬಹುದು. ಎಲ್‌ಎಲ್‌ಸಿ ಇದೆಯಲ್ಲ ಎಂಬ ಧೈರ್ಯ ಬೇಡ: ರೇಟ್ ಬರೆದವರು ನೀವು, ಸೆರೆಗೆ ಹೋಗುವವರೂ ನೀವೇ.

ಹಲವರು ಎಡವುವುದು ಇಲ್ಲಿ. ನೀವಿಬ್ಬರೂ ಮಾತಾಡಿಕೊಂಡು ರೇಟ್ ಹಾಕಿದ ಮೇಲೆ ಮೂರನೆಯವನೊಬ್ಬ ಕಮ್ಮಿಗೆ ಹಾಕಿ ಕೆಲಸ ಒಯ್ದರೂ ಅಪರಾಧ ಉಳಿಯುತ್ತದೆ. ‘ನಮ್ಮ ರೇಟ್ ನ್ಯಾಯವಾಗಿಯೇ ಇತ್ತು’ ಎಂಬ ವಾದವೂ ನಿಲ್ಲದು.

ಇನ್ನೊಂದು ಕಾಗದವಿದೆ, ಅದನ್ನು ಓದದೆ ಸಹಿ ಹಾಕುವವರೇ ಹೆಚ್ಚು. ಸಾರ್ವಜನಿಕ ಕಾಮಗಾರಿಯ ಬಿಡ್ ಜೊತೆ ‘ಯಾರೊಂದಿಗೂ ಒಳಒಪ್ಪಂದ ಮಾಡಿಕೊಂಡಿಲ್ಲ’ ಎಂಬ ಘೋಷಣೆ ಕೊಡಬೇಕು. ಅದು ಸುಳ್ಳಾದರೆ ಸುಳ್ಳು ಪ್ರಮಾಣದ ಮೊಕದ್ದಮೆ ಬೇರೆಯೇ, ಅದಕ್ಕೆ 2, 3 ಅಥವಾ 4 ವರ್ಷ.

ಈಗ ಮಾಡಬೇಕಾದ್ದು: ಮೆಸೇಜ್ ಅಳಿಸಬೇಡಿ. ಸುಮ್ಮನಿದ್ದರೆ ಒಪ್ಪಿದಂತೆ ಕಂಡೀತು, ಹಾಗಾಗಿ ‘ನನ್ನ ರೇಟ್ ನಾನೇ ಹಾಕುತ್ತೇನೆ, ಈ ವಿಷಯ ಮಾತಾಡುವುದಿಲ್ಲ’ ಎಂದು ಒಂದೇ ಸಾಲು ಬರೆಯಿರಿ. ಚದರಡಿ, ಬಣ್ಣ, ಕೂಲಿ ಲೆಕ್ಕ ಹಾಕಿದ ಹಾಳೆಯನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ. ಆಗಲೇ ‘ಆಯ್ತು’ ಅಂದುಬಿಟ್ಟಿದ್ದರೆ ಬಿಡ್ ಸಲ್ಲಿಸುವ ಮೊದಲೇ ಕ್ರಿಮಿನಲ್ ವಕೀಲರನ್ನು ಕಾಣಿ. ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ನ್ಯಾಯ ಇಲಾಖೆಯಲ್ಲಿ ಮೊದಲು ಬಂದು ಒಪ್ಪಿಕೊಂಡವರಿಗೆ ರಿಯಾಯಿತಿ ಯೋಜನೆಯಿದೆ, ಆದರೆ ಅದು ರಾಜ್ಯದ ಅಟಾರ್ನಿ ಜನರಲ್ ಅಥವಾ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿಯ (ಮೊಕದ್ದಮೆ ಹೂಡುವ ಸರ್ಕಾರಿ ವಕೀಲರ) ಕೈ ಕಟ್ಟುವುದಿಲ್ಲ.