ಮಳೆನೀರಿನ ಚರಂಡಿಗೆ ಹೋಟೆಲಿನ ಕೊಳಚೆ ಬಿಟ್ಟರೆ ಪಾಲಿಕೆ ದಂಡ ಹಾಕಬಹುದೇ?

ಶಿವಮೊಗ್ಗದ ನಿಮ್ಮ ಬಡಾವಣೆಯಲ್ಲಿ ಮಳೆನೀರಿಗೆಂದು ಕಟ್ಟಿದ ಬಾಕ್ಸ್ ಚರಂಡಿಗೆ ಮೂಲೆಯ ಹೋಟೆಲಿನವರು ಪಾತ್ರೆ ತೊಳೆದ ನೀರು ಬಿಡುತ್ತಿದ್ದಾರೆ, ದೂರು ಕೊಟ್ಟರೆ ಪಾಲಿಕೆಯವರು ಹೂಳೆತ್ತಿ ಹೋಗುತ್ತಾರೆ, ದಂಡ ಹಾಕುವ ಅಧಿಕಾರ ಅವರಿಗೆ ನಿಜವಾಗಿಯೂ ಇದೆಯೇ ಎಂದು ಕೇಳಿದ್ದೀರಿ. ಇದೆ. ಆದರೆ ನಿಮ್ಮ ಅರ್ಜಿಯಲ್ಲಿ ಬಹುಶಃ ಚರಂಡಿ ಸ್ವಚ್ಛಗೊಳಿಸಿ ಎಂದಿತ್ತು, ಅವರು ಅದನ್ನೇ ಮಾಡಿದ್ದಾರೆ. ಬರೆಯಬೇಕಾದದ್ದು ಆ ಪೈಪನ್ನು ಮುಚ್ಚಿಸಿ ಎಂದು. ಮಲೆನಾಡಿನ ಪುರಸಭೆಯೊಂದರಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದು ನಿವೃತ್ತನಾದ ನನ್ನ ಅನುಭವದಲ್ಲಿ, ಮೊದಲನೆಯ ಬಗೆಯ ಅರ್ಜಿ ಪೌರಕಾರ್ಮಿಕರ ಮೇಸ್ತ್ರಿಗೆ ಹೋಗುತ್ತದೆ, ಎರಡನೆಯದು ನೋಟಿಸ್ ಕೊಡಬಲ್ಲ ಅಧಿಕಾರಿಯ ಮೇಜಿಗೆ ಹೋಗುತ್ತದೆ.

ಕಸವನ್ನು ಚರಂಡಿಗಾಗಲೀ ಜಲಮೂಲಕ್ಕಾಗಲೀ ಎಸೆಯಬಾರದೆಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿಯೇ ಇದೆ. ಕೊಳಚೆ ನೀರಿಗೆ 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಕಲಂ ಅನ್ವಯಿಸುತ್ತದೆ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಸದ್ಯಕ್ಕೆ ಒಣಗಿರುವ ಜಲಮಾರ್ಗವೂ ಸೇರಿರುವುದರಿಂದ, ಬೇಸಿಗೆಯಲ್ಲಿ ರಾಜಕಾಲುವೆ ಖಾಲಿಯಿತ್ತೆಂಬ ಸಬೂಬು ನಡೆಯುವುದಿಲ್ಲ. ಇವೆಲ್ಲಕ್ಕಿಂತ ಹೋಟೆಲಿನವರಿಗೆ ಬಿಸಿ ಮುಟ್ಟಿಸುವುದು ಉದ್ದಿಮೆ ಪರವಾನಗಿ. ದಂಡ ಕಟ್ಟಿ ಮರುದಿನವೇ ಅದೇ ಪೈಪಿನಲ್ಲಿ ನೀರು ಬಿಟ್ಟವರನ್ನು ಕಂಡಿದ್ದೇನೆ. ಪರವಾನಗಿ ನವೀಕರಣ ನಿಂತ ಮೇಲೂ ಹಾಗೆ ಮಾಡಿದವರನ್ನು ಕಂಡಿಲ್ಲ.

ಕಷ್ಟವಿರುವುದು ನೀರು ಯಾರದೆಂದು ತೋರಿಸುವುದರಲ್ಲಿ. ಮಳೆ ನಿಂತು ಬಹಳ ದಿನವಾದ ಮೇಲೂ ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ ಅದು ಮಳೆನೀರಲ್ಲ ಎಂಬುದು ಸರಳ ಪರೀಕ್ಷೆ. ಆದರೆ ನಮ್ಮ ಕಡೆ ಮಳೆಗಾಲ ಮುಗಿದು ಎಷ್ಟೋ ಕಾಲದವರೆಗೆ ಧರೆಯ ಬುಡದಿಂದ ಜಲ ಒಸರುತ್ತಲೇ ಇರುವುದರಿಂದ ಫೆಬ್ರವರಿ, ಮಾರ್ಚ್‌ವರೆಗೆ ಕಾಯುವುದು ಒಳ್ಳೆಯದು. ಆಗ, ಬೆಳಗಿನ ತಿಂಡಿಯ ಪಾತ್ರೆ ತೊಳೆಯುವ ಹೊತ್ತಿಗೆ, ಪಾಲಿಕೆಯವರಿಂದಲೇ ಚಪ್ಪಡಿ ಎತ್ತಿಸಿ. ಪೈಪಿನ ಬಾಯಿಯ ಕೆಳಭಾಗದಲ್ಲಿ ಬಿಳಿ ಜಿಡ್ಡು ಮೇಣದಂತೆ ಹೆಪ್ಪುಗಟ್ಟಿರುತ್ತದೆ, ಅದರಲ್ಲಿ ಅನ್ನದ ಅಗುಳು, ಸಾಸಿವೆ, ಕರಿಬೇವಿನ ಎಲೆ ಸಿಕ್ಕಿಕೊಂಡಿರುತ್ತವೆ. ಅಡುಗೆಮನೆಯ ಸಿಂಕಿಗೆ ಒಂದು ಬಕೆಟ್ ಬಣ್ಣದ ನೀರು ಸುರಿಸಿ, ಅದೇ ಬಣ್ಣ ಹೊರಗೆ ಬರುವುದನ್ನು ಮಾಲೀಕರ ಎದುರಿಗೇ ಫೋಟೊ ತೆಗೆದು ಮಹಜರು ಬರೆದರೆ ಮುಂದೆ ವಾದಕ್ಕೆ ಜಾಗವಿರುವುದಿಲ್ಲ. ನೀವೇ ಬಾಟಲಿಯಲ್ಲಿ ನೀರು ತುಂಬಿಕೊಂಡು ಪ್ರಯೋಗಾಲಯಕ್ಕೆ ಓಡಬೇಡಿ; ಜಲ ಕಾಯ್ದೆಯ ಮೊಕದ್ದಮೆಯಲ್ಲಿ, 21ನೇ ಕಲಮಿನ ವಿಧಾನದಂತೆ ನೋಟಿಸ್ ಕೊಟ್ಟು, ಮುದ್ರೆ ಹಾಕಿ ತೆಗೆದ ಮಾದರಿಯ ವರದಿಯೇ ಸಾಕ್ಷ್ಯವಾಗುವುದು.

ಹೋಟೆಲಿನವರು ಹೀಗೇಕೆ ಮಾಡುತ್ತಾರೆ ಎಂಬುದನ್ನೂ ನೋಡಬೇಕು. ಜಿಡ್ಡು ತಡೆಯುವ ತೊಟ್ಟಿಯಿಲ್ಲದೆ ಒಳಚರಂಡಿಗೆ ನೀರು ಬಿಟ್ಟರೆ ಚೇಂಬರ್ ಕಟ್ಟಿಕೊಂಡು ಕೊಳಚೆ ಅವರ ಅಡುಗೆಮನೆಗೇ ವಾಪಸ್ ಬರುತ್ತದೆ, ಆಗ ಪ್ಲಂಬರ್ ಸುಲಭದ ದಾರಿ ತೋರಿಸುತ್ತಾನೆ. ಆದ್ದರಿಂದ ದಂಡದ ನೋಟಿಸಿನಲ್ಲಿಯೇ ತೊಟ್ಟಿ ಕಟ್ಟಿಸಿ, ಒಳಚರಂಡಿಗೆ ಸಂಪರ್ಕ ಪಡೆದು, ಹಳೆಯ ಪೈಪಿನ ಬಾಯಿಗೆ ಸಿಮೆಂಟು ಹಾಕಬೇಕೆಂದು ಬರೆಸಿ. ಹಾಗೆಯೇ ನಿಮ್ಮ ಮನೆಯ ತಾರಸಿಯ ಪೈಪು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ನೋಡಿಕೊಳ್ಳಿ. ಮಳೆನೀರನ್ನು ಒಳಚರಂಡಿಯ ಚೇಂಬರಿಗೆ ಸೇರಿಸಿದ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕಿ, ಆ ಮಲಿನ ನೀರು ಕೊನೆಗೆ ಮಳೆನೀರಿನ ಚರಂಡಿ ಹಿಡಿದೇ ತುಂಗೆಗೆ ಹೋಗುತ್ತದೆ. ಅಡಿಕೆ ಸಿಪ್ಪೆ, ಗ್ಯಾರೇಜಿನ ಹಳೆ ಆಯಿಲ್, ಕಟ್ಟಡದ ಮಣ್ಣು ಇವುಗಳಿಗೂ ಕಾನೂನಿನ ತಡೆಯಿದೆ, ಅವುಗಳ ಮೂಲ ಹುಡುಕುವುದು ಇಷ್ಟು ಕಷ್ಟವಲ್ಲ.

ಪಾಲಿಕೆ ಕದಲದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಬಹುದು. ಅದಕ್ಕಿಂತ ನನಗೆ ನಂಬಿಕೆಯಿರುವುದು ಉಪವಿಭಾಗಾಧಿಕಾರಿಗಳ ಮುಂದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಅರ್ಜಿ ಹಾಕುವುದರಲ್ಲಿ. ಸಾರ್ವಜನಿಕ ಉಪದ್ರವವನ್ನು ತೆಗೆಯಿಸುವ ಈ ಅಧಿಕಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿತ್ತು. ಮಧ್ಯಪ್ರದೇಶದ ರತ್ಲಾಂ ಪುರಸಭೆ ಹಣವಿಲ್ಲವೆಂದು ಕೈಚೆಲ್ಲಿದಾಗ, ಅದು ನೆಪವಾಗದು, ಚರಂಡಿ ಕಟ್ಟಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿದ್ದು ಅದೇ ಕಲಮಿನಡಿ. ಪಾಲಿಕೆಗೆ ಕೊಟ್ಟ ಅರ್ಜಿಗಳ ಸ್ವೀಕೃತಿ, ದಿನಾಂಕವಿರುವ ಫೋಟೊ, ಪೈಪು ಸೇರುವ ಜಾಗದ ಕೈನಕ್ಷೆ ಇವನ್ನು ಲಗತ್ತಿಸಿ, ಏಪ್ರಿಲ್ ಮುಗಿಯುವುದರೊಳಗೆ ಕೊಡಿ. ಮುಂಗಾರು ಹಿಡಿದ ಮೇಲೆ ಸ್ಥಳ ಪರಿಶೀಲನೆಗೆ ಬಂದವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.