ಕಡಲ ಮೀನಿನ ವೀರ್ಯಾಣುವನ್ನು ಎಚ್ಚರಿಸುವುದು ಯಾವುದು?

ಪ್ರಶ್ನೆ: ಗಂಡು ಮೀನಿನ ದೇಹದಲ್ಲಿ ನಿಶ್ಚಲವಾಗಿರುವ ವೀರ್ಯಾಣುಗಳು ಕಡಲ ನೀರಿಗೆ ಬಿದ್ದೊಡನೆ ಈಜತೊಡಗುತ್ತವೆ ಎಂದು ಓದಿದ್ದೇನೆ. ಇದಕ್ಕೆ ನೀರಿನ ಉಪ್ಪೇ ಕಾರಣವೇ? ಹಾಗಿದ್ದರೆ ಸಿಹಿನೀರಿನ ಮೀನುಗಳಲ್ಲಿ ಇದು ಹೇಗೆ ನಡೆಯುತ್ತದೆ?

ಉತ್ತರ: ಉಪ್ಪು ಕಾರಣವೆಂಬುದು ಅರ್ಧ ಸತ್ಯ ಮಾತ್ರ. ಹಲವು ಕಡಲ ಮೀನುಗಳ ವೀರ್ಯಾಣುಗಳನ್ನು ಉಪ್ಪಿಲ್ಲದ, ಆದರೆ ಸಕ್ಕರೆ ಕರಗಿಸಿ ಕಡಲ ನೀರಿನಷ್ಟೇ ಸಾಂದ್ರಗೊಳಿಸಿದ ದ್ರಾವಣಕ್ಕೆ ಬಿಟ್ಟರೂ ಅವು ಈಜತೊಡಗುತ್ತವೆ. ಆದ್ದರಿಂದ ಇಲ್ಲಿ ಮುಖ್ಯವಾದುದು ಕರಗಿದ ವಸ್ತು ಯಾವುದೆಂಬುದಲ್ಲ, ಒಟ್ಟಾರೆ ಎಷ್ಟು ಕರಗಿದೆ ಎಂಬುದು.

ಮೂಳೆಮೀನುಗಳ ವೀರ್ಯದ್ರವದ ಸಾಂದ್ರತೆ ಕಿಲೋಗ್ರಾಂಗೆ ಸುಮಾರು 300 ಮಿಲಿಆಸ್ಮೋಲ್‌ಗಳಷ್ಟಿದ್ದರೆ (ಕರಗಿದ ಕಣಗಳ ಒಟ್ಟು ಪ್ರಮಾಣವನ್ನು ಅಳೆಯುವ ಮಾನವಿದು), ಕಡಲ ನೀರಿನದು 1,000ಕ್ಕೂ ಮೇಲೆ. ಈ ಅಂತರದಿಂದಾಗಿ ಹೊರಬಿದ್ದ ವೀರ್ಯಾಣುವಿನೊಳಗಿನ ನೀರು, ಕೋಶಪೊರೆಯಲ್ಲಿರುವ ಅಕ್ವಾಪೊರಿನ್ ಎಂಬ ಪ್ರೋಟೀನು ನಾಳಗಳ ಮೂಲಕವೂ ಹೊರಕ್ಕೆ ಹರಿಯುತ್ತದೆ. ನೀರು ಕಳೆದುಕೊಂಡ ಕೋಶದಲ್ಲಿ ಅಯಾನುಗಳು ಒತ್ತೊತ್ತಾಗುತ್ತವೆ, ಅನೇಕ ಪ್ರಭೇದಗಳಲ್ಲಿ ಕ್ಯಾಲ್ಸಿಯಂ ಮಟ್ಟವೂ ಏರುತ್ತದೆ. ಆಗ ಬಾಲದ ಉದ್ದಕ್ಕೂ ಇರುವ ಡೈನೀನ್ ಎಂಬ ಚಾಲಕ ಪ್ರೋಟೀನುಗಳು ಕೋಶದ ಇಂಧನವಾದ ಎಟಿಪಿ ಎಂಬ ಅಣುವಿನ ಶಕ್ತಿಯನ್ನು ಬಳಸಿ ಬಾಲವನ್ನು ಬಾಗಿಸತೊಡಗುತ್ತವೆ.

ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ನಿಜಕ್ಕೂ ರೋಮಾಂಚಕ. ಚುಕ್ಕಿಗಳಂತೆ ಸುಮ್ಮನೆ ಬಿದ್ದಿದ್ದ ವೀರ್ಯಾಣುಗಳು ಕಡಲ ನೀರಿನ ಹನಿ ಸೇರಿದ ಒಂದೆರಡು ಸೆಕೆಂಡುಗಳಲ್ಲೇ ಚೆಲ್ಲಾಪಿಲ್ಲಿಯಾಗಿ ಓಡುತ್ತವೆ. ಮೊದಲಿಗೆ ಬಾಲದ ಬಾಗುವಿಕೆಯ ಅಲೆಯು ಅದರ ತುದಿಯವರೆಗೂ ಸಾಗುತ್ತದೆ. ಎಟಿಪಿ ಕರಗುತ್ತ ಬಂದಂತೆ ಅದು ತಲೆಯ ಸಮೀಪಕ್ಕೆ ಸೀಮಿತಗೊಂಡು, ಉಳಿದ ಭಾಗ ನೆಟ್ಟಗೆ ಚಾಚಿಕೊಳ್ಳುತ್ತದೆ. ಹಲವು ಪ್ರಭೇದಗಳಲ್ಲಿ ಈ ಓಟವೆಲ್ಲ ಕೆಲವೇ ನಿಮಿಷಗಳದ್ದು. ದೇಹದೊಳಗೆ ಅವು ನಿಶ್ಚಲವಾಗಿರುವುದು ಎಷ್ಟು ಅಗತ್ಯವೆಂಬುದು ಇದರಿಂದಲೇ ತಿಳಿಯುತ್ತದೆ. ಅಲ್ಲಿಯೇ ಈಜತೊಡಗಿದರೆ ಮೊಟ್ಟೆಯನ್ನು ತಲುಪಲು ಶಕ್ತಿಯೇ ಉಳಿಯದು.

ಇನ್ನು ಸಿಹಿನೀರಿನ ವಿಚಾರ. ಅಲ್ಲಿ ಹೊರಗಿನ ನೀರು ವೀರ್ಯದ್ರವಕ್ಕಿಂತ ತೀರ ತೆಳು. ಸಾಮಾನ್ಯ ಗೆಂಡೆಯಂತಹ ಮೀನುಗಳಲ್ಲಿ ಸಾಂದ್ರತೆಯ ಈ ಇಳಿಕೆಯೇ ಸೂಚನೆ. ಸಾಲ್ಮನ್ ಕುಟುಂಬದಲ್ಲಾದರೋ ವೀರ್ಯಾಣುಗಳನ್ನು ತಡೆದಿಟ್ಟ ಪೊಟ್ಯಾಸಿಯಂ ನೀರಿನಲ್ಲಿ ತೆಳುವಾದಾಗ ಚಲನೆ ಆರಂಭವಾಗುತ್ತದೆ. 1980ರಲ್ಲಿ ಮೊರಿಸಾವಾ ಮತ್ತು ಸುಜುಕಿ ಎಂಬ ಜಪಾನೀ ಸಂಶೋಧಕರು ಪ್ರಕಟಿಸಿದ ಪ್ರಬಂಧವೊಂದು ಈ ಭೇದಗಳನ್ನು ಒಟ್ಟಿಗೆ ನಿರೂಪಿಸಿತು.

ಕಡಲ ಮೀನುಗಳೆಲ್ಲ ಒಂದೇ ಬಗೆಯವೆಂದು ಮಾತ್ರ ಭಾವಿಸಬಾರದು. ಕೆಲವು ಚಪ್ಪಟೆ ಮೀನುಗಳಲ್ಲಿ ವೀರ್ಯದ್ರವದ ಬೈಕಾರ್ಬೊನೇಟ್ ಕೂಡ ವೀರ್ಯಾಣುಗಳನ್ನು ತಡೆದಿಡುತ್ತದೆ. ನನಗೆ ಎಲ್ಲಕ್ಕಿಂತ ಬೆರಗಿನದಾಗಿ ಕಾಣುವುದು ಪೆಸಿಫಿಕ್ ಹೆರಿಂಗ್. ಅದರ ವೀರ್ಯಾಣುಗಳು ಕಡಲ ನೀರಿಗೆ ಬಂದ ಮೇಲೂ ಬಹುಮಟ್ಟಿಗೆ ನಿಶ್ಚಲವಾಗಿಯೇ ಇರುತ್ತವೆ. ಮೊಟ್ಟೆಯ ಹೊದಿಕೆಯಲ್ಲಿ ವೀರ್ಯಾಣು ಒಳಹೊಗಲೆಂದೇ ಇರುವ ಕಿರುರಂಧ್ರದ ಸುತ್ತಲಿನ ಪ್ರೋಟೀನು ತಾಗಿದಾಗಷ್ಟೇ ಅವು ಚುರುಕಾಗಿ ಈಜಿ ಆ ರಂಧ್ರವನ್ನು ಸೇರುತ್ತವೆ.