ಊರು ಮಲಗಿಲ್ಲ: ನಿಮ್ಮ ಲಂಡಿನಿಯಮ್ ಲೇಖನದ ಬಗ್ಗೆ

ಪ್ರಿಯ ಲೇಖಕರೇ,

ರೋಮನ್ನರ ಕಾಲದ ಲಂಡನ್, ಅಂದರೆ ಲಂಡಿನಿಯಮ್ ಕುರಿತು ನೀವು ಬರೆದ ‘ಲಂಡನ್ನಿನ ಕೆಳಗೆ ಮಲಗಿರುವ ನಗರ’ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗದು. ಹಾಗೆಂದು ಕೈಬಿಡುವ ಲೇಖನವೂ ಅಲ್ಲ. ಆರನೇ ಪುಟದಲ್ಲಿ ನೀವು ಮೂರೇ ಸಾಲಿಗೆ ಮುಗಿಸಿರುವ ಸಂಗತಿಯೊಂದಿದೆ. ಅದರ ಆಸೆಗೇ ಇಷ್ಟುದ್ದದ ಉತ್ತರ.

ಮೊದಲು ತಲೆಬರಹ. ‘ಮಲಗಿರುವ’ ಎಂದೊಡನೆ ಬೀದಿ, ಗುಡಿ, ಪೇಟೆ ಎಲ್ಲವೂ ಇದ್ದಂತೆಯೇ ಇದ್ದು, ಮೇಲೊಂದು ಮಣ್ಣಿನ ಹೊದಿಕೆ ಮಾತ್ರ ಬಿದ್ದಿದೆ ಎಂದು ಓದುಗರು ಅಂದುಕೊಳ್ಳುತ್ತಾರೆ. ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೈಗೆ ಆ ಮಾತು ಒಪ್ಪೀತು. ಲಂಡಿನಿಯಮ್‌ನ ಕಥೆ ಬೇರೆ. ಹಳೆಯ ನಗರಭಾಗದ ಕೆಲವೆಡೆ ರೋಮನ್ ನೆಲ ಇಂದಿನ ರಸ್ತೆಯಿಂದ 6–7 ಮೀಟರ್ ಕೆಳಗಿದೆ. ಅದನ್ನು ಮಧ್ಯಯುಗದವರ ಬಾವಿಗಳು, ಪಾಯಿಖಾನೆ ಗುಂಡಿಗಳು ತೂತು ಮಾಡಿವೆ. 19ನೇ ಶತಮಾನದ ನೆಲಮಾಳಿಗೆಗಳು ಮೇಲ್ಪದರವನ್ನು ಕೆತ್ತಿ ಹಾಕಿವೆ. ಆಮೇಲೆ ಬಂದ ಕಾಂಕ್ರೀಟ್ ಪೈಲುಗಳು ಉಳಿದದ್ದನ್ನು ಚುಚ್ಚಿವೆ. ಇವುಗಳ ಸಂದಿನಲ್ಲಿ ಉಳಿದದ್ದೇ ಲಂಡಿನಿಯಮ್.

‘ಸರ್ಕಾರ ನಿರಂತರವಾಗಿ ಅಗೆಸುತ್ತಿದೆ’ ಎಂದಿದ್ದೀರಿ. ತಪ್ಪು. ಹಳೆಯ ಕಟ್ಟಡ ಕೆಡವಿ ಹೊಸದು ಏಳುವ ನಡುವಿನ ಬಿಡುವಿನಲ್ಲಿ, ಆ ನಿವೇಶನದಷ್ಟು ಜಾಗದಲ್ಲಿ ಮಾತ್ರ ಅಗೆತ ನಡೆಯುತ್ತದೆ. 1990ರಲ್ಲಿ ಯೋಜನಾ ನೀತಿ ಬದಲಾದ ಮೇಲೆ ಅದರ ಖರ್ಚು ಸಾಮಾನ್ಯವಾಗಿ ಕಟ್ಟಡ ಕಟ್ಟಿಸುವವರದ್ದೇ. ಹೀಗಾಗಿ ಲಂಡಿನಿಯಮ್‌ನ ನಕ್ಷೆ ಅರ್ಧ ಹೊಲಿದ ಕೌದಿ. ಆಂಫಿಥಿಯೇಟರಿನಂಥ (ಕಾಳಗ, ಪ್ರದರ್ಶನಗಳ ವೃತ್ತಾಕಾರದ ಬಯಲು ರಂಗ) ದೊಡ್ಡ ರಚನೆ ಎಲ್ಲಿತ್ತೆಂಬುದು ಗಿಲ್ಡ್‌ಹಾಲ್ ಅಂಗಳದಲ್ಲಿ ಅಗೆದ 1988ರವರೆಗೂ ಗೊತ್ತಿರಲಿಲ್ಲ. ನೀವು ಕಳಿಸಿದ ನಕ್ಷೆಯಲ್ಲಿ ಎಲ್ಲ ಬೀದಿಗಳಿಗೂ ಒಂದೇ ದಪ್ಪದ ಗೆರೆ ಎಳೆದಿದ್ದೀರಿ. ಅಗೆದು ಕಂಡದ್ದಕ್ಕೆ ಪೂರ್ಣ ಗೆರೆ, ಊಹಿಸಿದ್ದಕ್ಕೆ ತುಂಡುಗೆರೆ ಹಾಕಿ. ನಕ್ಷೆ ಬಡಕಲಾಗಿ ಕಂಡರೆ ಕಾಣಲಿ.

ಮೊದಲ ಎರಡೂವರೆ ಪುಟ ಹೋಗಬೇಕು. ಜೂಲಿಯಸ್ ಸೀಸರ್ ಲಂಡನ್ ಕಟ್ಟಿಸಲಿಲ್ಲ. ಅವನು ಬಂದುಹೋದದ್ದು ಕ್ರಿ.ಪೂ. 55 ಮತ್ತು 54ರಲ್ಲಿ. ಆಗ ಅಲ್ಲಿ ಅಂಥ ಪಟ್ಟಣವೇ ಇರಲಿಲ್ಲ. ರೋಮನ್ ಚಕ್ರವರ್ತಿ ಕ್ಲಾಡಿಯಸ್‌ನ ಸೇನೆ ಬ್ರಿಟನ್ನಿಗೆ ಇಳಿದದ್ದು ಕ್ರಿ.ಶ. 43ರಲ್ಲಿ. ಪಟ್ಟಣದ ಆರಂಭಕ್ಕೆ ಗಟ್ಟಿ ಆಧಾರ ಪೌಲ್ಟ್ರಿ ಎಂಬ ಬೀದಿಯಲ್ಲಿ ರೋಮನ್ ರಸ್ತೆಯಡಿ ಸಿಕ್ಕ ಮರದ ಚರಂಡಿ. ಅದರ ಮರ ಕಡಿದದ್ದು 47–48ರ ಸುಮಾರಿಗೆ ಎಂದು ಉಂಗುರಗಳ ಎಣಿಕೆ ಹೇಳುತ್ತದೆ. ‘ವೈಜ್ಞಾನಿಕ ವಿಧಾನದಿಂದ ತಿಳಿದುಬಂದಿದೆ’ ಎಂದು ಬರೆದು ಮುಂದೆ ಹೋಗಬೇಡಿ, ವಿಧಾನವನ್ನೇ ಹೇಳಿ. ತೊಗಟೆಯಂಚು ಉಳಿದಿದ್ದರೆ ಕಡಿದ ವರ್ಷವೇ ಸಿಗುತ್ತದೆ. ಬಡಗಿ ಹೊರಭಾಗವನ್ನೆಲ್ಲ ಕೆತ್ತಿ ಚೇಗಷ್ಟನ್ನೇ (ಒಳಗಿನ ಗಟ್ಟಿ ತಿರುಳು) ಉಳಿಸಿದ್ದರೆ ‘ಇಂಥ ವರ್ಷದ ನಂತರ’ ಎನ್ನಬಹುದು, ಅಷ್ಟೇ. ಈ ಎರಡು ವಾಕ್ಯ ಓದಿದವರು ಮುಂದೆ ಬರುವ ಪ್ರತಿ ಇಸವಿಯನ್ನೂ ನಂಬುತ್ತಾರೆ.

ರೋಮನ್ನರ ವಿರುದ್ಧ ಎದ್ದ ಬ್ರಿಟನ್ನಿನ ರಾಣಿ ಬೌಡಿಕ್ಕಾಳ ದಂಗೆಯ ಭಾಗ ರೋಚಕವಾಗಿದೆ, ಆದರೆ ಲೆಕ್ಕ ತಪ್ಪಿದೆ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಹೇಳುವ 70,000 ಸಾವು ಲಂಡನ್ ಒಂದರದ್ದಲ್ಲ. ಕ್ಯಾಮುಲೊಡುನಮ್ (ಇಂದಿನ ಕೋಲ್ಚೆಸ್ಟರ್), ವೆರುಲಾಮಿಯಮ್ (ಇಂದಿನ ಸೇಂಟ್ ಆಲ್ಬನ್ಸ್) ಸೇರಿ ಮೂರೂ ಊರುಗಳದ್ದು. ಅದೂ ಅವನ ಲೆಕ್ಕ, ಎಲುಬು ಎಣಿಸಿದ್ದಲ್ಲ. ಕ್ರಿ.ಶ. 60–61ರ ಆ ಬೆಂಕಿಗೆ ನೆಲದಲ್ಲಿರುವ ಸಾಕ್ಷಿ ಕೆಂಪು ಪದರ. ಕಡ್ಡಿ ತಡಿಕೆಗೆ ಮೆತ್ತಿದ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಗೋಡೆ ಬೆಂದರೆ ಇಟ್ಟಿಗೆಯಂತೆ ಕೆಂಪಾಗುತ್ತದೆ. ಇಲ್ಲೊಂದು ಹಳ್ಳವಿದೆ, ನೀವು ಬಿದ್ದಿದ್ದೀರಿ: ಚಕ್ರವರ್ತಿ ಹೇಡ್ರಿಯನ್‌ನ ಕಾಲದಲ್ಲಿ, 120ರ ದಶಕದ ಹೊತ್ತಿಗೆ, ಇನ್ನೊಮ್ಮೆ ಊರು ಹೊತ್ತಿ ಉರಿದು ಅಂಥದೇ ಪದರ ಬಿಟ್ಟಿದೆ. ಬಣ್ಣ ನೋಡಿ ಯಾವ ಬೆಂಕಿಯೆಂದು ಹೇಳಲಾಗದು. ಪದರದೊಳಗಿನ, ಅದರ ಕೆಳಗಿನ ಮಡಕೆ ಚೂರು, ನಾಣ್ಯಗಳೇ ಹೇಳಬೇಕು. ನಿಮ್ಮ ಮೂರನೇ ಚಿತ್ರದ ಅಡಿಬರಹವನ್ನು ಈ ದೃಷ್ಟಿಯಿಂದ ಮತ್ತೆ ನೋಡಿ.

ಇನ್ನು ಆ ಮೂರು ಸಾಲು. ‘ಕೆಲವು ಮರದ ಬರಹಗಳೂ ದೊರೆತಿವೆ’ ಎಂದು ಮುಗಿಸಿದ್ದೀರಲ್ಲ, ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ. 2010–14ರಲ್ಲಿ ಬ್ಲೂಮ್‌ಬರ್ಗ್ ಕಟ್ಟಡದ ನಿವೇಶನದಲ್ಲಿ 405 ಹಲಗೆಗಳು ಸಿಕ್ಕವು. ಬಹಳಷ್ಟನ್ನು ಹಳೆಯ ಪೀಪಾಯಿಗಳ ಮರದಿಂದ ಮಾಡಿದ್ದರು. ನಡುವೆ ತಗ್ಗು ಕೊರೆದು, ಕಪ್ಪು ಮೇಣ ತುಂಬಿ, ಲೋಹದ ಕಂಟದಿಂದ ಬರೆಯುತ್ತಿದ್ದರು; ನಮ್ಮ ಓಲೆಗರಿ ಬಲ್ಲವರಿಗೆ ಕಂಟ ಹೊಸದಲ್ಲ. ಮೇಣ ಹೋಗಿದೆ. ಒತ್ತಿ ಬರೆದಲ್ಲಿ ಕಂಟದ ಮೊನೆ ಮರಕ್ಕೂ ತಾಗಿದೆ, ಆ ಗೀರೇ ಇಂದಿನ ಓದು. ಒಂದೇ ಹಲಗೆಯನ್ನು ಹಲವು ಬಾರಿ ಬಳಸಿದ್ದರೆ ಗೀರಿನ ಮೇಲೆ ಗೀರು ಬಿದ್ದು ಅಕ್ಷರ ಬಿಡಿಸುವುದು ಕಷ್ಟ.

ಮರ ಉಳಿದದ್ದೇಕೆ? ಅಲ್ಲಿ ಹರಿಯುತ್ತಿದ್ದ ವಾಲ್‌ಬ್ರುಕ್ ತೊರೆಯ ಕೆಸರಿನಲ್ಲಿ ಆಮ್ಲಜನಕವಿಲ್ಲ, ಕೊಳೆಸುವ ಜೀವಿಗಳು ಬದುಕುವುದಿಲ್ಲ. ಮೇಲೆತ್ತಿ ಹಾಗೇ ಒಣಗಲು ಬಿಟ್ಟರೆ ಹಲಗೆ ಸೀಳಿ ಸುರುಟುತ್ತದೆ. ಅದಕ್ಕೇ ನೀರಿನಲ್ಲಿಟ್ಟು, ಮೇಣದಂಥ ರಾಸಾಯನಿಕ ಊಡಿಸಿ, ಆಮೇಲೆ ಹೆಪ್ಪುಗಟ್ಟಿಸಿ ಒಣಗಿಸುತ್ತಾರೆ.

ಒಂದು ಹಲಗೆಯನ್ನು ಪೂರ್ತಿ ಕೊಡಿ. ಬಿಡುಗಡೆ ಪಡೆದ ಗುಲಾಮ ಟಿಬುಲ್ಲಸ್ ಇನ್ನೊಬ್ಬ ಬಿಡುಗಡೆಗೊಂಡ ಗುಲಾಮ ಗ್ರಾಟಸ್‌ಗೆ, ಮಾರಿ ತಲುಪಿಸಿದ ಸರಕಿನ ಬಾಬ್ತು 105 ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಕೊಡಬೇಕೆಂದು ಒಪ್ಪಿ ಬರೆದ ಪತ್ರ. ತಾರೀಕು ಕ್ರಿ.ಶ. 57, ಜನವರಿ 8. ಹಲಗೆಯಲ್ಲಿ ಹಾಗಿಲ್ಲ, ಆ ವರ್ಷದ ಇಬ್ಬರು ಕಾನ್ಸಲರ (ರೋಮಿನ ಉನ್ನತ ಅಧಿಕಾರಿಗಳು) ಹೆಸರು, ಜನವರಿಯ ಈಡೀಸಿಗೆ (ರೋಮನ್ ಪಂಚಾಂಗದಲ್ಲಿ ತಿಂಗಳ ನಡುವಿನ ದಿನ) ಮುಂಚಿನ ಆರನೆಯ ದಿನ ಎಂದಿದೆ. ಈಡೀಸ್ 13ಕ್ಕೆ, ರೋಮನ್ನರು ಎರಡು ತುದಿಯನ್ನೂ ಎಣಿಸುತ್ತಿದ್ದರು, ಹಾಗಾಗಿ 8. ನೀವು 7 ಎಂದು ಬರೆದಿರುವುದು ನಮ್ಮ ರೀತಿ ಕಳೆದಿದ್ದಕ್ಕೆ. ಸೈನಿಕನ ವರ್ಷದ ಸಂಬಳ 225 ದಿನಾರಿ ಇದ್ದ ಕಾಲ ಅದು. ಪಕ್ಕದಲ್ಲಿ ಇಷ್ಟು ಹೇಳಿದರೆ ಸಾಲದ ತೂಕ ತಾನಾಗಿ ಗೊತ್ತಾಗುತ್ತದೆ. ಇನ್ನೊಂದು ಹಲಗೆ 62ರ ಅಕ್ಟೋಬರ್ 21ರದ್ದು: ನವೆಂಬರ್ 13ರೊಳಗೆ ವೆರುಲಾಮಿಯಮ್‌ನಿಂದ 20 ಹೇರು ದಿನಸಿ ತರುವ ಕರಾರು, ಹೇರಿಗೆ ಕಾಲು ದಿನಾರಿ ಬಾಡಿಗೆ. ಎರಡೂ ಊರು ಸುಟ್ಟು ಒಂದೆರಡು ವರ್ಷವಾಗಿತ್ತಷ್ಟೆ. ‘ಬೂದಿಯಿಂದೆದ್ದ ಮಹಾನಗರ’ ಎಂಬ ನಿಮ್ಮ ಪ್ಯಾರಾ ತೆಗೆದು ಈ ಕರಾರನ್ನು ಹಾಕಿ.

ಸಣ್ಣ ತಿದ್ದುಪಡಿಗಳು. ರೋಮನ್ನರು ಪೂಜಿಸುತ್ತಿದ್ದ ಮಿತ್ರ ದೇವರ ದೇವಾಲಯ ‘ಅಲುಗದೆ ನಿಂತಿದೆ’ ಎಂಬುದು ಸರಿಯಲ್ಲ: 1954ರಲ್ಲಿ ಸಿಕ್ಕಿತು, ಕಿತ್ತು ಬೇರೆಡೆ 1962ರಲ್ಲಿ ಒರಟಾಗಿ ಕಟ್ಟಿದರು, 2017ರಲ್ಲಿ ಮೂಲ ಜಾಗದ ಹತ್ತಿರಕ್ಕೆ ಮರಳಿತು. ‘2000 ವರ್ಷಗಳ ಅಖಂಡ ಜನವಸತಿ’ ಕೂಡ ಇಲ್ಲ. 5ನೇ ಶತಮಾನದಲ್ಲಿ ಕೋಟೆಯೊಳಗೆ ಊರು ಬರಿದಾಯಿತು; ಮುಂದೆ ಸ್ಯಾಕ್ಸನ್ನರ ಪೇಟೆ ಪಶ್ಚಿಮಕ್ಕೆ, ಸ್ಟ್ರಾಂಡ್ ಕಡೆ ಬೆಳೆಯಿತು; ರಾಜ ಆಲ್ಫ್ರೆಡ್ 886ರಲ್ಲಿ ಹಳೆಯ ಗೋಡೆಯೊಳಗನ್ನು ಮತ್ತೆ ಊರ್ಜಿತಗೊಳಿಸಿದ. ಗೋಡೆಯ ಫೋಟೋದಲ್ಲಿ ಕೆಂಪು ಹೆಂಚಿನ ಸಾಲುಗಳಿರುವ ಕೆಳಭಾಗ ರೋಮನ್; ಮೇಲಿನದು ಮಧ್ಯಯುಗದ್ದು. ಅಡಿಬರಹದಲ್ಲಿ ಬಾಣದ ಗುರುತು ಹಾಕಿ.

ಕೊನೆಯ ಹಂಪಿ ಹೋಲಿಕೆ ಬೇಡ. ಕನ್ನಡ ಓದುಗರಿಗೆ ಹತ್ತಿರದ ಎಳೆಯೇ ಬೇಕೆಂದರೆ ನಿಜವಾದದ್ದು ಚಿತ್ರದುರ್ಗದಲ್ಲಿದೆ. ಲಂಡನ್ ಮ್ಯೂಸಿಯಂನ ಮೇಲ್ವಿಚಾರಕರಾಗಿದ್ದ ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಪದರ ಪದರವಾಗಿ ಅಗೆಸಿದರು. ಚಂದ್ರವಳ್ಳಿಯಲ್ಲಿ ರೋಮನ್ ದಿನಾರಿಗಳು ಸಿಕ್ಕಿವೆ, ಟಿಬುಲ್ಲಸ್ ಸಾಲ ಮಾಡಿದ್ದ ಅದೇ ಜಾತಿಯ ಬೆಳ್ಳಿ ನಾಣ್ಯ. ಒಂದು ಪ್ಯಾರಾ ಸಾಕು, ಹಿಗ್ಗಿಸಬೇಡಿ.

1,800 ಪದಗಳೊಳಗೆ ತಿದ್ದಿ ಕಳಿಸಿ. ನಕ್ಷೆಯನ್ನು ಪ್ರತ್ಯೇಕ ಹಾಳೆಯಲ್ಲಿಡಿ.

ಸಂಪಾದಕರು